ಚೀಲಕ್ಕೆ ಕಿವಿರಿಲ್ಲ

ಮೀನು ಕೊಳ್ಳುವವರು ನನ್ನ ಬಾಯಿ ನಂಬುವುದಿಲ್ಲ,
ನಂಬಲೂಬಾರದು.
ಹೆಬ್ಬೆರಳಿಂದ ಕಿವಿರು ಎತ್ತಿ ನೋಡುತ್ತಾರೆ:
ಕೆಂಪಿದ್ದರೆ ಇವತ್ತಿನದು, ಕಂದಿದ್ದರೆ ಮೊನ್ನೆಯದು.
ಒತ್ತಿದ ಬೆರಳಿನ ಗುಂಡಿ ತಾನಾಗಿ ತುಂಬಬೇಕು.
ಇಪ್ಪತ್ತೆಂಟು ವರ್ಷ ಕಾರವಾರದ ಪೇಟೆಯಲ್ಲಿ ಕೂತು
ನಾನು "ತಾಜಾ" ಅಂದದ್ದೆಷ್ಟು ಸಲವೋ,
ಅದರಲ್ಲಿ ಕೆಲವು ಸಲ
ಐಸು ಮಾತ್ರ ತಾಜಾ.

ಈಗ ಈ ಚೀಲ.
ಎರಡು ಕಿಲೋ, ಎರಡು ಸಾವಿರಕ್ಕೆ ನೂರು ಕಮ್ಮಿ.
ಮೇಲೊಂದು ಬೆಕ್ಕಿನ ಚಿತ್ರ,
ಯಾವ ಮೀನಿಗೂ ಆಸೆಪಡದ ಮುಖ,
ಅಂಥ ಬೆಕ್ಕು ನಮ್ಮ ಊರಿನದಲ್ಲ.
ಹಿಂಬದಿಗೆ ಇರುವೆ ಸಾಲಿನಂಥ ಅಕ್ಷರ.
ತಿರುಗಿಸಿದೆ, ಮೂಸಿದೆ, ಒತ್ತಿದೆ.
ಎಲ್ಲಿ ಎತ್ತಿ ನೋಡಲಿ?
ಚೀಲಕ್ಕೆ ಕಿವಿರಿಲ್ಲ.

"ಇನ್ನು ಮೇಲೆ ಇದೊಂದೇ, ಶೇವಂತಿಬಾಯಿ.
ಒಣಮೀನು ಬಿಲ್ಕುಲ್ ಬೇಡ,"
ಅಂದರು ರಾಯ್ಕರ್ ಡಾಕ್ಟರು.
ಅವರ ಹಿಂದಿನ ಗೋಡೆಗೆ ಅದೇ ಬೆಕ್ಕಿನ ಕ್ಯಾಲೆಂಡರು,
ಬರೆಯುವ ಪೆನ್ನಿನ ಮೇಲೂ ಅದೇ ಹೆಸರು,
ಕಪಾಟಿನಲ್ಲಿ ಅದೇ ಚೀಲಗಳು, ಬೆನ್ನಿಗೆ ಬೆನ್ನು ಹಚ್ಚಿ.
ಈ ಆಟ ನನಗೆ ಹೊಸದಲ್ಲ.
ಲಿಲಾವಿನಲ್ಲಿ ನಿಂತ ದಲಾಲ
ತನಗೆ ಪಾಲಿದ್ದ ಬೋಟಿನ ಮೀನನ್ನೇ ಹೊಗಳುತ್ತಾನೆ.

ಆದರೆ ನೊಗ್ಲಿ.
ಬೈತಖೋಲದ ಬಂದರಿನಲ್ಲಿ ಹರಕು ಬಲೆಯೊಳಗೆ ಸಿಕ್ಕ ಮರಿ,
ನೊಗ್ಲಿ ಮೀನಿನ ಹಾಗೆ ಉದ್ದ, ಬಡಕಲು,
ಗಂಡೆಂದು ತಿಳಿಯುವ ಮೊದಲೇ ಹೆಸರಿಟ್ಟಾಗಿತ್ತು.
ಮಳೆಗಾಲ, ಬೋಟುಗಳೆಲ್ಲ ದಡದಲ್ಲಿ,
ನಾವು ತಿಂದದ್ದೇ ಅವನೂ ತಿಂದ:
ಒಣ ಬಂಗಡೆ, ಒಣ ಶೆಟ್ಲಿ.
ಜುಲೈಯ ಒಂದು ರಾತ್ರಿ
ಬಚ್ಚಲಲ್ಲಿ ಕೂತ, ಎದ್ದ, ಕೂತ.
ಒಂದು ಹನಿಯಿಲ್ಲ.
ಕೂಗಿದ ಕೂಗು ಬೆಕ್ಕಿನದಾಗಿರಲಿಲ್ಲ.
ಹನ್ನೊಂದೂವರೆಗೆ ಡಾಕ್ಟರು ಲುಂಗಿಯಲ್ಲೇ ಬಾಗಿಲು ತೆಗೆದರು.
ದಾರದಂಥ ನಳಿಗೆ, ಮರಳಿನಂಥ ಕಲ್ಲು,
ರಕ್ತ, ಆಮೇಲೆ ಮೂತ್ರ.
ಅಷ್ಟು ಚಂದದ ಹರಿವನ್ನು
ಕಾಳಿ ನದಿಯಲ್ಲೂ ನಾನು ಕಂಡದ್ದಿಲ್ಲ.
ಆ ರಾತ್ರಿಗೆ ಅವರು ದುಡ್ಡು ಕೇಳಲಿಲ್ಲ.

ಆ ಕೈಯನ್ನು ನಂಬುತ್ತೇನೆ.
ಬಾಯಿಯೂ ಅದೇ ಮನುಷ್ಯನದು, ಗೊತ್ತು.
ಆದರೂ ಕೈಗೂ ಬಾಯಿಗೂ ನಡುವೆ
ಒಂದು ಕಪಾಟಿದೆ.

ಪಕ್ಕದ ಬುಟ್ಟಿಯ ಸುಲೋಚನಿ ನಗುತ್ತಾಳೆ:
"ಬೆಕ್ಕಿಗೆ ಮೀನು ಬೇಡ ಅಂದವನು
ನಾಳೆ ಸಮುದ್ರಕ್ಕೆ ಉಪ್ಪು ಬೇಡ ಅಂದಾನು."
ಅವಳ ಬೆಕ್ಕು ಹೋದ ವರ್ಷ ಹೀಗೇ ಕೂಗಿ ಕೂಗಿ ಸತ್ತಿತು.
ಅದನ್ನು ಅವಳು ಹೇಳುವುದಿಲ್ಲ.

ಬುಧವಾರ ಡಾಕ್ಟರು ಇಸ್ವಣಕ್ಕೆ ಬಂದರು.
ಕಿವಿರೆತ್ತುವ ರೂಢಿ ಅವರಿಗಿಲ್ಲ,
ನನ್ನ ಮುಖ ನೋಡಿ "ಆಗಬಹುದಾ?" ಅನ್ನುತ್ತಾರೆ, ಅಷ್ಟೇ.
ಅವತ್ತು ಯಾಕೋ ಕತ್ತಿ ಎತ್ತಿದ ಕೈ ನಿಂತಿತು.
"ಬೇಡ ಡಾಕ್ಟ್ರೇ. ನಿನ್ನೆದು."
"ಗೊತ್ತು," ಅಂದರು.
"ಹೋಳಿಯ ವಾರದ್ದೂ ಗೊತ್ತಿತ್ತು."

ಗೊತ್ತಿದ್ದೂ ಬರುತ್ತಲೇ ಇದ್ದರು.
ಕೇಳಬೇಕೆಂದಿದ್ದ ಮಾತು
ಗಂಟಲಲ್ಲಿ ಮುಳ್ಳಾಗಿ ಕೂತಿತು.
ಬುಟ್ಟಿಯ ತಳದಿಂದ ಬೆಳಗಿನ ತಾರ್ಲೆ ಕಟ್ಟಿಕೊಟ್ಟೆ.
ನಾಲ್ಕು ಹೆಜ್ಜೆ ಹೋಗಿ ತಿರುಗಿದರು:
"ನೀರು ಕುಡಿಸಿ ಶೇವಂತಿಬಾಯಿ, ಚೀಲಕ್ಕಿಂತ ನೀರು…"
ಹಾಗೇ ಅಂದರೋ, "ಚೀಲದ ಜೊತೆ" ಅಂದರೋ,
ಐಸಿನ ಲಾರಿಯ ಹಾರ್ನಿಗೆ ಸರಿಯಾಗಿ ಕೇಳಲಿಲ್ಲ.

ಸಂಜೆ ಚೀಲದ ಮೂಲೆ ಕತ್ತರಿಸಿದೆ.
ಒಂದು ಮುಷ್ಟಿ, ಅದು ಮುಳುಗುವಷ್ಟು ಬಿಸಿನೀರು.
ನನ್ನ ಬೆರಳಲ್ಲಿ ಇನ್ನೂ ತಾರ್ಲೆಯ ವಾಸನೆ.
ನೊಗ್ಲಿ ಬಟ್ಟಲು ಮೂಸಿದ, ಬೆರಳು ಮೂಸಿದ,
ಕೂತು ನನ್ನ ಮುಖ ನೋಡಿದ:
ಆಗಬಹುದಾ?